ಸಹಾಯ ಬೇಕು: ಐರ್ಲೆಂಡ್‌ನಲ್ಲಿ ಸೀಲಿಯಾಕ್ ಮಗುವಿನ ಊಟದ ಖರ್ಚಿಗೆ ಟ್ಯಾಕ್ಸ್ ವಾಪಸ್

ಎಲ್ಲರಿಗೂ ನಮಸ್ಕಾರ. ನಾವು ಡಬ್ಲಿನ್‌ನಲ್ಲಿದ್ದೀವಿ. ಮಗಳಿಗೆ 2023ರಲ್ಲಿ ಸೀಲಿಯಾಕ್ (ಗೋಧಿಯಂಥ ಧಾನ್ಯದಲ್ಲಿರೋ ಗ್ಲುಟನ್ ಅನ್ನೋ ಪ್ರೋಟೀನ್ ದೇಹಕ್ಕೆ ಆಗದ ಕಾಯಿಲೆ) ಅಂತ ಗೊತ್ತಾಯ್ತು. ಗೋಧಿ, ಮೈದಾ, ರವೆ ಯಾವುದೂ ಮುಟ್ಟೋ ಹಾಗಿಲ್ಲ.

ಡಾಕ್ಟರ್ ಫೀಸು, ಚೀಟಿ ಬರೆದುಕೊಟ್ಟ ಔಷಧಿ ಖರ್ಚನ್ನೆಲ್ಲ ರೆವಿನ್ಯೂ (ಇಲ್ಲಿನ ತೆರಿಗೆ ಇಲಾಖೆ) ಮೈಅಕೌಂಟ್ ಅನ್ನೋ ಆನ್‌ಲೈನ್ ಖಾತೆಯಲ್ಲಿ ಹಾಕಿ ಶೇ. 20 ವಾಪಸ್ ಪಡೆದಿದ್ದೀವಿ. ಅದು ಸಲೀಸು. ಊಟದ್ದೇ ಗೊಂದಲ. ಸೀಲಿಯಾಕ್ ಇರೋರಿಗೆ ಅಂತಲೇ ತಯಾರಿಸಿದ ಆಹಾರಕ್ಕೂ ಕ್ಲೇಮ್ ಮಾಡಬಹುದು ಅಂತ ನಿಯಮದಲ್ಲಿದೆ. ಡಾಕ್ಟರ್ ಪತ್ರ ಇದೆ. ಆದ್ರೆ ನಮ್ಮನೇಲಿ ಅವಳು ತಿನ್ನೋದು ಬ್ರೆಡ್ಡು ಪಾಸ್ತಾಕ್ಕಿಂತ ಹೆಚ್ಚಾಗಿ ರಾಗಿ ಮುದ್ದೆ, ಜೋಳದ ರೊಟ್ಟಿನೇ. ಮಾಮೂಲಿ ಹಿಟ್ಟಿನಲ್ಲಿ ಮಿಲ್ಲಿನ ಗೋಧಿ ಧೂಳು ಸೇರಿರಬಹುದು ಅಂತ ಡಯಟಿಷಿಯನ್ ಎಚ್ಚರಿಸಿದ ಮೇಲೆ, 'ಗ್ಲುಟನ್ ಫ್ರೀ' ಅಂತ ಅಚ್ಚಾಗಿರೋ ದುಬಾರಿ ಹಿಟ್ಟನ್ನೇ ತರಿಸ್ತೀವಿ.

ನಿಯಮ ಮೂರು ಸಲ ಓದಿದೆ, ಈ ಹಿಟ್ಟು 'ಸೀಲಿಯಾಕ್ ಇರೋರಿಗೆ ಅಂತಲೇ ತಯಾರಿಸಿದ್ದು' ಅನ್ನೋದಕ್ಕೆ ಸೇರುತ್ತಾ ಅಂತ ಗೊತ್ತಾಗ್ಲಿಲ್ಲ. ಆಫೀಸಲ್ಲಿ ಸೀಲಿಯಾಕ್ ಇರೋ ಒಬ್ಬರನ್ನ ಕೇಳಿದೆ, ಪಾಪ, ಅವರಿಗೆ ರಾಗಿ ಅಂದ್ರೇನು ಅಂತಲೇ ಗೊತ್ತಿಲ್ಲ. 2023ರ ಖರ್ಚಿಗೆ 2027ರ ಕೊನೆವರೆಗೂ ಸಮಯವೇನೋ ಇದೆ, ಆದ್ರೆ ರಸೀದಿಗಳ ಅಕ್ಷರ ಮಾಸ್ತಾ ಇದೆ.

ಇಲ್ಲಿ ಯಾರಾದ್ರೂ ಗ್ಲುಟನ್ ಫ್ರೀ ರಾಗಿ, ಜೋಳದ ಹಿಟ್ಟಿಗೆ ಕ್ಲೇಮ್ ಮಾಡಿದ್ದೀರಾ? ರೆವಿನ್ಯೂದವರು ಒಪ್ಪಿದ್ರಾ? ಮನೆ ಸಾಮಾನೆಲ್ಲ ಸೇರಿರೋ ರಸೀದಿಯಲ್ಲಿ ಅದೊಂದಕ್ಕೆ ಗೆರೆ ಎಳೆದು ಲೆಕ್ಕ ಹಾಕಿದ್ರೆ ಸಾಕಾ?