ಪದಚರ್ಚೆ: ಎಂಆರ್‌ಐ ಹಾಳೆಗೆ ‘ಗ್ರೌಂಡ್ ಗ್ಲಾಸ್’ ಕನ್ನಡದಲ್ಲಿ ಏನು? ನಾಳೆ ಅಚ್ಚಿಗೆ

ಮಣಿಪಾಲದಿಂದ:
ವೈರಲ್ ನ್ಯುಮೋನಿಯಾಕ್ಕೆ ಶ್ವಾಸಕೋಶದ ಎಂಆರ್‌ಐ ಮಾಡಿಸುವವರ ಕೈಗೆ ಕೊಡುವ ಹಾಳೆ ಇದು. ‘ಗ್ರೌಂಡ್ ಗ್ಲಾಸ್ ಒಪ್ಯಾಸಿಟಿ’ಗೆ, ಅಂದರೆ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಕಾಣುವ ಮಸುಕು ಕಲೆಗೆ, ಕರಡಿನಲ್ಲಿ ‘ನೆಲಗಾಜಿನ ಅಪಾರದರ್ಶಕತೆ’ ಅಂತ ಉಂಟು. ಸ್ಕ್ಯಾನ್ ಕೋಣೆಯ ಫಲಕಕ್ಕೆ ‘ಉಸಿರು ಕಟ್ಟಿರಿ’ ಆದೀತೇ?

ಉಡುಪಿಯಿಂದ:
‘ನೆಲಗಾಜು’ ಈಗಲೇ ಹೊಡೆದುಹಾಕಿ. ಆ ‘ಗ್ರೌಂಡ್’ ನೆಲವಲ್ಲ, ‘ಗ್ರೈಂಡ್’ (ಉಜ್ಜು, ಅರೆ) ಎಂಬ ಕ್ರಿಯಾಪದದ ಕೃದಂತ. ಬಚ್ಚಲಿನ ಕಿಟಕಿಗೆ ಹಾಕುವ, ಮೈ ಉಜ್ಜಿ ಮಸುಕಾಗಿಸಿದ ಗಾಜು. ‘ಅರೆದ ಗಾಜು’ ಎಂದೂ ಬೇಡ, ಎದೆಯೊಳಗೆ ಗಾಜಿನ ಪುಡಿ ಹೊಕ್ಕಿತೆಂದು ರೋಗಿ ಹೆದರಿಯಾರು. ‘ಅಪಾರದರ್ಶಕ’ ಅರ್ಥದಲ್ಲೇ ತಪ್ಪು: ಈ ಮಸುಕಿನೊಳಗೂ ರಕ್ತನಾಳದ ಗೆರೆ ಕಾಣುತ್ತದೆ. ಕಾಣದಷ್ಟು ತುಂಬಿದರೆ ಅದು ಕನ್ಸಾಲಿಡೇಶನ್, ಅದಕ್ಕೆ ಬೇರೆ ಪದ. ‘ಮಬ್ಬು’ ಸಾಕು. ಹಳಗನ್ನಡದ ‘ಮರ್ಬು’, ತೆಲುಗಿನಲ್ಲಿ ‘ಮಬ್ಬು’ ಎಂದರೆ ಮೋಡ. ಇಷ್ಟು ಒಳ್ಳೆಯ ದ್ರಾವಿಡ ಪದ ಇರುವಾಗ ಸಂಸ್ಕೃತ ಯಾಕೆ?

ಮಂಗಳೂರಿನಿಂದ:
ಮಾರಾಯ್ರೇ, ಚಿತ್ರ ನೋಡಿ ಹೇಳಿ. ‘ಮಬ್ಬು’ ಎಂದರೆ ಜನ ಕತ್ತಲನ್ನೇ ನೆನೆಯುತ್ತಾರೆ. ಎಂಆರ್‌ಐಯಲ್ಲಿ ಕಪ್ಪಾಗಿ ಕಾಣುವುದು ಆರೋಗ್ಯವಂತ ಶ್ವಾಸಕೋಶ: ಯಂತ್ರಕ್ಕೆ ಸಂಕೇತ ಕೊಡುವ ಹೈಡ್ರೋಜನ್ ಅಲ್ಲಿ ಕಡಿಮೆ, ಗಾಳಿಯೂ ಅಂಗಾಂಶವೂ ತಾಗುವಲ್ಲೆಲ್ಲ ಕಾಂತಕ್ಷೇತ್ರ ಏರುಪೇರಾಗಿ 1.5 ಟೆಸ್ಲಾದಲ್ಲಿ (ಟೆಸ್ಲಾ ಕಾಂತಬಲದ ಅಳತೆ) ಆ ಸಂಕೇತ ಒಂದೆರಡು ಮಿಲಿಸೆಕೆಂಡಿಗೇ ಆರಿಹೋಗುತ್ತದೆ. ಸೋಂಕಿನ ನೀರು ತುಂಬಿದ ಜಾಗವೇ ನೀರನ್ನು ಬೆಳ್ಳಗೆ ತೋರುವ ‘ಟಿ2’ ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳಗುವುದು. ‘ಬಿಳಿಮಬ್ಬು’ ಎನ್ನಿ.

ಫಲಕದ ಮಾತು ಹೆಚ್ಚು ಮುಖ್ಯ. ಉಸಿರು ಕಟ್ಟುವುದು ಕಾಯಿಲೆಯ ಲಕ್ಷಣ, ಅದನ್ನೇ ಮಾಡಿ ಎನ್ನುವುದೇ? ಉಸಿರು ಬಿಟ್ಟ ಸ್ಥಿತಿಯಲ್ಲಿ ಚಿತ್ರ ತೆಗೆಯುವುದಾದರೆ ‘ಉಸಿರು ಹೊರಬಿಟ್ಟು, ಹೇಳುವ ತನಕ ಒಳಗೆಳೆಯಬೇಡಿ’ ಎಂದು ಬರೆಯಿರಿ. ಶ್ವಾಸಕೋಶ ಕುಗ್ಗಿದಾಗ ಅಂಗಾಂಶ ಒತ್ತಾಗಿ ಸಂಕೇತ ಬಲವಾಗುತ್ತದೆ. ‘ಆಗದಿದ್ದರೆ ತಿಳಿಸಿ’ ಎಂಬುದನ್ನು ಬಿಡಬೇಡಿ. 15-20 ಸೆಕೆಂಡು ತಡೆಯಲಾಗದವರಿಗೆ ಉಸಿರಾಟದ ಲಯ ಹಿಡಿದು ಚಿತ್ರ ತೆಗೆಯುವ ಕ್ರಮ ಉಂಟು, ಹೊತ್ತು ಹೆಚ್ಚು ಬೇಕು ಅಷ್ಟೆ. ಒತ್ತಾಯದಿಂದ ಹಿಡಿಸಿದರೆ ನಡುವೆ ಉಸಿರೆಳೆದು ಚಿತ್ರ ಕಲಸಿಹೋಗುತ್ತದೆ.

ಉಡುಪಿಯಿಂದ:
ಬಿಳಿಮಬ್ಬು ಒಪ್ಪಿದೆ. ಆದರೆ ‘ಎಂಆರ್‌ಐ’ ಹಾಗೇ ಬಿಡುವುದೇ? ‘ಕಾಂತೀಯ ಅನುರಣನ ಚಿತ್ರಣ’ ರೂಢಿಯಲ್ಲಿ ಇದೆಯಲ್ಲ.

ಮಂಗಳೂರಿನಿಂದ:
ಇದೆ, ತಪ್ಪಾಗಿ ಇದೆ. ಅನುರಣನ ಗಂಟೆ ಹೊಡೆದ ಮೇಲೆ ಉಳಿಯುವ ದನಿ. ಇಲ್ಲಿ 1.5 ಟೆಸ್ಲಾಕ್ಕೆ ಸುಮಾರು 64 ಮೆಗಾಹರ್ಟ್ಸ್ ರೇಡಿಯೋ ಅಲೆ ತಾಳೆಯಾದರೆ ಮಾತ್ರ ಹೈಡ್ರೋಜನ್ನಿನ ಪ್ರೋಟಾನು ಸ್ಪಂದಿಸುತ್ತದೆ. ಅದು ಅನುನಾದ. ನಿನ್ನೆಯವರೆಗೆ ಸಂಸ್ಕೃತ ಬೇಡವೆಂದವರು ಇವತ್ತು ಮೂರು ತತ್ಸಮ ಜೋಡಿಸುತ್ತೀರಿ. ರೋಗಿ ಕೌಂಟರಿನಲ್ಲಿ ಕೇಳುವುದು ಎಂಆರ್‌ಐ ಎಲ್ಲಿ ಅಂತ.

ಮಣಿಪಾಲದಿಂದ:
ಬಿಳಿಮಬ್ಬು, ಎಂಆರ್‌ಐ, ಫಲಕದ ಎರಡೂ ಸಾಲು ಹಾಕಿದೆ. ಕನ್ಸಾಲಿಡೇಶನ್‌ಗೆ ‘ಗಟ್ಟಿಕಟ್ಟಿದ ಭಾಗ’ ಅಂದರೆ ಆದೀತೇ? ಸಂಜೆಯೊಳಗೆ ಹೇಳಿ.