ಗೇರುಬೀಜ ಕಾರ್ಖಾನೆಯಲ್ಲಿ ಕೆಲಸದ ಒತ್ತಡ ಅಳೆಯುವುದು ಹೇಗೆ?

ಕೇಳಿದವರು, ಮಂಜೇಶ್ವರ: ಕಟ್ಟಿಂಗ್, ಪೀಲಿಂಗ್, ಗ್ರೇಡಿಂಗಿನ 40 ಹೆಂಗಸರ ಒತ್ತಡ ಅಳೆದು ವಿಭಾಗಗಳನ್ನು ಹೋಲಿಸಬೇಕು. ಸ್ಮಾರ್ಟ್‌ವಾಚು ತೋರಿಸುವ ಸ್ಟ್ರೆಸ್ ಸ್ಕೋರ್ ಸಾಕಾ? ಮಾಡಿ ಗೊತ್ತಿದ್ದವರು ತಿಳಿಸಿ.

ಕುಂಬಳೆ: ಸಾಲದು. ಬ್ರಾಂಡಿಗೊಂದು ಲೆಕ್ಕ, ಒಂದರ ಅಂಕ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ನಿಮಗೆ ಬೇಕಾದ್ದು ಹೃದಯದ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ, ಮಿಲಿಸೆಕೆಂಡಿನಲ್ಲಿ. ಪೋಲಾರ್ ಎಚ್10ನಂಥ ಎದೆಪಟ್ಟಿ ಅದನ್ನು ನೇರ ಕೊಡುತ್ತದೆ. ಬೀಜ ಒಡೆಯುವವರ ಕೈ ಬಿಡುವಿಲ್ಲದೆ ಆಡುವುದರಿಂದ ಮಣಿಕಟ್ಟಿನ ಬೆಳಕಿನ ಸೆನ್ಸರು ಅಲುಗಾಟವನ್ನೂ ಬಡಿತವೆಂದು ಎಣಿಸುತ್ತದೆ. ಎದೆಪಟ್ಟಿಯ ಎಲೆಕ್ಟ್ರೋಡಿಗೆ ನೀರು ಹಚ್ಚಿಯೇ ಕಟ್ಟಿ. ಒಣಗಿದ್ದರೆ ಬೆವರು ಬರುವವರೆಗಿನ ದಾಖಲೆ ಹಾಳು. ಆಮೇಲೆ 5 ನಿಮಿಷದ ತುಂಡು ಮಾಡಿ ಆರ್‌ಎಂಎಸ್‌ಎಸ್‌ಡಿ ತೆಗೆಯಿರಿ: ಬಡಿತಗಳ ಅಂತರ ಒಂದರಿಂದ ಇನ್ನೊಂದಕ್ಕೆ ಎಷ್ಟು ಏರುಪೇರಾಗುತ್ತದೆಂಬ ಅಳತೆ, ಒತ್ತಡದಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಯುರೋಪು, ಉತ್ತರ ಅಮೆರಿಕದ ಹೃದಯತಜ್ಞರು 1996ರಲ್ಲಿ ಕಿರು ದಾಖಲೆಗೆ ಗೊತ್ತುಮಾಡಿದ ಅವಧಿ ಆ 5 ನಿಮಿಷವೇ.

ಬದಿಯಡ್ಕ: ಅಣ್ಣ ಹೇಳಿದ್ದು ಸರಿ. ಒತ್ತಡ ಅಳೆಯಲು ಬೆರಳಿಗೆ ಕಟ್ಟುವ ಬೆವರಿನ ಸೆನ್ಸರಿನ ಬಗ್ಗೆ ಮಾತ್ರ ಜಾಗ್ರತೆ. ನಮ್ಮ ಏಪ್ರಿಲಿನ ಸೆಕೆಗೆ ಚರ್ಮದ ವಾಹಕತೆಯ (ಬೆವರಿದಷ್ಟೂ ವಿದ್ಯುತ್ ಸುಲಭವಾಗಿ ಹರಿಯುವ ಗುಣ) ಮೂಲಮಟ್ಟವೇ ಏರಿ ಕೂರುತ್ತದೆ, ಅದು ಮನಸ್ಸಿನ ಲೆಕ್ಕವಲ್ಲ. ಬೋರ್ಮಾದ (ಬೀಜ ಒಣಗಿಸುವ ಬಿಸಿ ಕೋಣೆ) ಹತ್ತಿರ ಕೆಲಸ ಮಾಡುವವರನ್ನು ಗ್ರೇಡಿಂಗಿನವರೊಡನೆ ಹೋಲಿಸುವ ಮೊದಲು ಎರಡೂ ಕಡೆಯ ಉಷ್ಣತೆ, ತೇವಾಂಶ ಬರೆದಿಡಿ. ಕಟ್ಟಿಂಗಿನವರ ಬೆರಳಿಗೆ ಎಲೆಕ್ಟ್ರೋಡು ಬೇಡವೇ ಬೇಡ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಅದರಡಿ ಸೇರಿದರೆ ಗಾಯ.

ಕಾಸರಗೋಡು ಪೇಟೆ: ಹೋಲಿಕೆಯಲ್ಲೇ ಹೆಚ್ಚಿನವರು ಎಡವುವುದು. ಒತ್ತಡ ಗುರುತಿಸುವ ಪ್ರೋಗ್ರಾಂಗಳಿಗೆ ಎಲ್ಲರೂ ಬಳಸುವ ವೆಸಾಡ್ ಎಂಬ ಸೆನ್ಸರ್ ದತ್ತಾಂಶ (2018) 15 ಜನರದ್ದು, ಅದರಲ್ಲಿ 12 ಗಂಡಸರು; ಒತ್ತಡ ತರಿಸಿದ್ದು ಪ್ರಯೋಗಾಲಯದಲ್ಲಿ, ಭಾಷಣ ಮಾಡಿಸಿ, ಮನಸ್ಸಿನಲ್ಲೇ ಲೆಕ್ಕ ಮಾಡಿಸಿ. ನಿಮ್ಮ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಅದು ಸಾಕು, ಕಾರ್ಖಾನೆಗೆ ಅಳತೆಗೋಲಾಗಿ ಬಾರದು. ಪರೀಕ್ಷಿಸುವಾಗ ಒಬ್ಬರನ್ನು ಪೂರ್ತಿ ಹೊರಗಿಟ್ಟು ಉಳಿದವರ ದಾಖಲೆಯಿಂದ ಪ್ರೋಗ್ರಾಂಗೆ ಕಲಿಸಿ, ಹೊರಗಿಟ್ಟವರ ಮೇಲೆ ಪರೀಕ್ಷಿಸಿ; ಒಬ್ಬರದ್ದೇ ತುಂಡುಗಳು ಕಲಿಕೆ, ಪರೀಕ್ಷೆ ಎರಡೂ ಕಡೆ ಬಿದ್ದರೆ ನಿಖರತೆ ಸುಳ್ಳಾಗಿ ಏರುತ್ತದೆ.

ಆರ್‌ಎಂಎಸ್‌ಎಸ್‌ಡಿ ವಯಸ್ಸಿನೊಂದಿಗೆ ಇಳಿಯುವುದರಿಂದ 25ರವರಿಗೂ 55ರವರಿಗೂ ಒಂದೇ ಗಡಿ ಹಾಕುವುದು ಅನ್ಯಾಯ. ಪಾಳಿಗೆ ಮೊದಲು, ಚಹಾ ಕುಡಿಯುವ ಮುಂಚೆ, 10 ನಿಮಿಷ ಕೂರಿಸಿ ಅವರವರ ಮೂಲಮಟ್ಟ ಹಿಡಿಯಿರಿ. ಆರ್‌ಎಂಎಸ್‌ಎಸ್‌ಡಿಯ ಲಾಗರಿದಮ್ ಲೆಕ್ಕ ಹಾಕಿ, ಆ ಮೂಲಮಟ್ಟದಿಂದ ಎಷ್ಟು ಇಳಿಯಿತೆಂಬುದನ್ನಷ್ಟೇ ಹೋಲಿಸಿ. ಎರಡು ಗಂಟೆಗೊಮ್ಮೆ "ಈಗ ಎಷ್ಟು ಒತ್ತಡ, 0ರಿಂದ 10ರಲ್ಲಿ?" ಎಂದು ಅವರ ಮಾತಿನಲ್ಲೇ ಕೇಳಿ: ತುಳು, ಮಲಯಾಳ, ಕನ್ನಡ. ಈ ಉತ್ತರವಿಲ್ಲದಿದ್ದರೆ ಸೆನ್ಸರಿನ ಅಂಕಿಗೆ ಅರ್ಥವೇ ಇಲ್ಲ.

ಕೂಲಿ ತೂಕದ ಲೆಕ್ಕವೋ ದಿನದ ಲೆಕ್ಕವೋ ಎಂಬುದೂ ಪಟ್ಟಿಯಲ್ಲಿರಲಿ. ತೂಕದ ಕೂಲಿಯವರು ಸಹಜವಾಗಿಯೇ ಬಿರುಸಾಗಿ ದುಡಿಯುತ್ತಾರೆ, ಬಡಿತ ಏರುತ್ತದೆ. ಒಬ್ಬೊಬ್ಬರ ಅಂಕಿ ಮಾಲಕರಿಗೆ ಹೋಗುವುದಿಲ್ಲವೆಂದು ಮೊದಲೇ ಬರೆದುಕೊಡಿ, ವಿಭಾಗದ ಸರಾಸರಿ ಮಾತ್ರ ಕೊಡಿ. ಐದಾರು ಜನರಷ್ಟೇ ಇರುವ ವಿಭಾಗದ ಸರಾಸರಿಯೂ ಬೇಡ, ಯಾರದ್ದೆಂದು ಸುಲಭವಾಗಿ ಗೊತ್ತಾಗಿಬಿಡುತ್ತದೆ.