ಲಿಫ್ಟ್ ಎಎಂಸಿ ಮುಂದುವರಿಸೋದಾ, ಬಿಡೋದಾ? ನಾಲ್ಕೂ ಬ್ಲಾಕಿನವರು ಓದಿ

ಕಾರ್ಯದರ್ಶಿ (ಎ-102): ಎಲ್ಲರಿಗೂ ನಮಸ್ಕಾರ. ನಾಲ್ಕು ಬ್ಲಾಕಿನ ಎಂಟು ಲಿಫ್ಟುಗಳ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮುಂದಿನ ತಿಂಗಳ ಕೊನೆಗೆ ಮುಗಿಯುತ್ತದೆ. ಪ್ರಾಧಿಕಾರದವರು ಫ್ಲಾಟುಗಳನ್ನು ಸಂಘಕ್ಕೆ ಹಸ್ತಾಂತರಿಸಿದಾಗ ಇದ್ದ ಕಾಂಪ್ರಹೆನ್ಸಿವ್ (ಪಾರ್ಟಿನ ಖರ್ಚೂ ಸೇರಿದ) ಒಪ್ಪಂದವೇ ಇವತ್ತಿಗೂ ನಡೆಯುತ್ತಿದೆ. ಕಂಪನಿಯಿಂದ ಒಂದು ಪುಟದ ಪತ್ರ ಬಂದಿದೆ: ಹಳೇ ಷರತ್ತುಗಳ ಮೇಲೆ ಎರಡು ವರ್ಷ ವಿಸ್ತರಣೆ, ದರ ಶೇ 12 ಹೆಚ್ಚು. ಭಾನುವಾರ ಬೆಳಿಗ್ಗೆ 10ಕ್ಕೆ ಸಮಿತಿ ಸಭೆ. ಅಷ್ಟರೊಳಗೆ ಅಭಿಪ್ರಾಯ ಹೇಳಿ. ಇದು ಮುಗಿಯೋ ತನಕ ಗುಡ್ ಮಾರ್ನಿಂಗ್ ಫೋಟೊಗಳಿಗೆ ರಜೆ ಕೊಡಿ.

ಸಿ-703: ಶೇ 12 ಜಾಸ್ತಿ ಆಯ್ತು ಸರ್. ಹೊರಗಡೆ ಅರ್ಧ ದರಕ್ಕೆ ಮಾಡೋರಿದ್ದಾರೆ. ಬದಲಾಯಿಸಿಬಿಡೋಣ.

ಬಿ-304: ಅರ್ಧ ದರ ಅಂದ್ರೆ ಸಾಮಾನ್ಯವಾಗಿ ನಾನ್-ಕಾಂಪ್ರಹೆನ್ಸಿವ್. ತಿಂಗಳಿಗೊಮ್ಮೆ ಬರ್ತಾರೆ, ಒರೆಸ್ತಾರೆ, ಎಣ್ಣೆ-ಗ್ರೀಸ್ ಹಾಕ್ತಾರೆ, ಅಡ್ಜಸ್ಟ್ ಮಾಡ್ತಾರೆ. ಪಾರ್ಟ್ ಹೋದ್ರೆ ದುಡ್ಡು ನಮ್ಮದು. ಡ್ರೈವ್ (ಮೋಟರ್ ವೇಗ ಹತೋಟಿಯಲ್ಲಿಡೋ ಸಾಧನ) ಅಥವಾ ರೋಪ್ ಸೆಟ್ ಒಂದು ಸಲ ಹೋದ್ರೆ ಉಳಿಸಿದ್ದೆಲ್ಲ ಅಲ್ಲೇ ಖಾಲಿ.

ನನ್ನ ತಕರಾರು ದರದ್ದಲ್ಲ, ದಿನಾಂಕದ್ದು. ಈ ಒಪ್ಪಂದ ಇರೋ ತನಕ ಸವೆದ ಪಾರ್ಟ್ ಬದಲಿಸೋ ಹೊಣೆ ಕಂಪನಿಯದು. ಮುಗಿದ ಮಾರನೇ ದಿನ ಅದೇ ಪಾರ್ಟು ನಮ್ಮ ತಲೆ ಮೇಲೆ. ಹೊಸಬರು ಬಂದ್ರೆ ಮೊದಲ ವಾರದಲ್ಲೇ ಉದ್ದದ ಪಟ್ಟಿ ಕೊಡ್ತಾರೆ. ಹಳಬರೇ ಮುಂದುವರಿದ್ರೂ "ಇದು ರಿನ್ಯೂವಲ್‌ಗೆ ಮುಂಚಿನ ಸವೆತ" ಅಂತ ಕೈ ತೊಳ್ಕೊಳ್ಳಬಹುದು. ಹಾಗಾಗಿ ಅವರ ಎಂಜಿನಿಯರ್ ಜೊತೆ ನಾವೂ ನಿಂತು ಎಂಟೂ ಲಿಫ್ಟನ್ನ ಮೆಷಿನ್ ರೂಮಿಂದ ಪಿಟ್ (ಲಿಫ್ಟ್ ಕೆಳಗಿನ ಗುಂಡಿ) ತನಕ ಈ ತಿಂಗಳೇ ನೋಡಿ, ಸಹಿ ಮಾಡಿದ ಪಟ್ಟಿ ಇಸ್ಕೋಬೇಕು. ಪಟ್ಟಿಯಲ್ಲಿರೋದು ಬದಲಾದ ಮೇಲೆ ವಿಸ್ತರಣೆ ಮಾತು.

ಡಿ-501: ನೋಡೋದು ಅಂದ್ರೆ ಏನನ್ನ? ಅವರು "ಎಲ್ಲಾ ಸರಿ ಇದೆ ಮೇಡಂ" ಅಂದ್ರೆ ನಾವು ತಲೆ ಆಡಿಸಬೇಕಷ್ಟೆ.

ಬಿ-304: ತಲೆ ಆಡಿಸೋದು ಬೇಡ, ಅಳತೆ ಕೇಳಿ ಮೇಡಂ.

ರೋಪು: ಲಿಫ್ಟ್ ನಿಲ್ಲಿಸಿ, ಮೇನ್ ಆಫ್ ಮಾಡಿಸಿ, ಪುಲಿ (ರಾಟೆ) ಮೇಲೆ ಹೆಚ್ಚು ಓಡಾಡೋ ಭಾಗದಲ್ಲಿ, ದಪ್ಪ ಅಳೆಯೋ ವರ್ನಿಯರ್‌ನಿಂದ ವ್ಯಾಸ ತೆಗೀಬೇಕು, ಒಂದೊಂದು ರೋಪಿಗೂ ಬೇರೆ ಬೇರೆಯಾಗಿ. 13 ಮಿ.ಮೀ. ರೋಪು 12ರ ಹತ್ತಿರ ಬಂದಿದ್ರೆ ಬದಲಿಸೋ ಪಟ್ಟಿಗೆ ಸೇರಿಸಿ. ತುಂಡಾದ ಎಳೆಗಳು ಒಂದೇ ಕಡೆ ಗುಂಪಾಗಿದ್ರೂ ಅಷ್ಟೇ. ರೋಪಿನ ಮೇಲೆ ಒಣ ಕೆಂಪು ಪುಡಿ ಕಂಡ್ರೆ ಒಳಗಿನ ನಾರು ಒಣಗಿ ಎಳೆಗೆ ಎಳೆ ಉಜ್ಜಿ ಸವೀತಿದೆ ಅಂತ. ಮೇಲಿಂದ ಎಣ್ಣೆ ಬಳಿದು ಅದನ್ನ ಮುಚ್ಚಿಬಿಡ್ತಾರೆ, ಬಟ್ಟೆಯಲ್ಲಿ ಒರೆಸಿ ನೋಡಿ. ಬದಲಿಸಿದ್ರೆ ಪೂರ್ತಿ ಸೆಟ್ ಬದಲಿಸಬೇಕು. ಒಂದೇ ಹೊಸದು ಹಾಕಿದ್ರೆ ಎಳೆತ ಸಮ ಆಗಲ್ಲ, ಭಾರ ಒಂದರ ಮೇಲೇ ಬಿದ್ದು ಪುಲಿಯ ಗ್ರೂವ್ (ರೋಪು ಕೂರೋ ತೋಡು) ಕೊರೆಯತ್ತೆ. ಆ ಗ್ರೂವ್ ಈಗಲೇ ಸವೆದಿದ್ರೆ ಹೊಸ ರೋಪೂ ಬೇಗ ಹಾಳು, ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಿ.

ಬ್ರೇಕು: ಒಬ್ಬರಿಗೆ 68 ಕೆ.ಜಿ. ಲೆಕ್ಕದಲ್ಲಿ ನಮ್ಮ 8 ಜನರ ಲಿಫ್ಟು 544 ಕೆ.ಜಿ. ಅದರ ಒಂದೂಕಾಲು ಪಟ್ಟು, 680 ಕೆ.ಜಿ. ಇಟ್ಟು ಕೆಳಗೆ ಇಳಿಯುವಾಗ ಕರೆಂಟ್ ತೆಗೆದ್ರೂ ಬ್ರೇಕ್ ಒಂದೇ ಹಿಡಿದು ನಿಲ್ಲಿಸಬೇಕು. ಮರಳು ಮೂಟೆ ತೂಗಿ ಇಡಿ, ಜನ ಹತ್ತಿಸಿ ಪರೀಕ್ಷೆ ಮಾಡೋದು ಯಾವ ಕಾರಣಕ್ಕೂ ಬೇಡ.

ಗವರ್ನರ್ (ಲಿಫ್ಟ್ ವೇಗ ಮಿತಿ ಮೀರಿದ್ರೆ ಅದನ್ನ ಹಿಡಿದು ನಿಲ್ಲಿಸೋ ಸೇಫ್ಟಿ ಗೇರನ್ನ ಎಳೆಯೋ ಸಾಧನ): ಕೊನೇ ಸಲ ಯಾವಾಗ ಟೆಸ್ಟ್ ಮಾಡಿದ್ರು ಅಂತ ಲಾಗ್ ಬುಕ್ಕಲ್ಲಿ ತೋರಿಸಲಿ. ಗವರ್ನರ್ ರೋಪ್ ಉದ್ದವಾಗಿ ಪಿಟ್ಟಿನ ಟೆನ್ಷನ್ ಪುಲಿ ನೆಲಕ್ಕೆ ತಾಗಿದ್ರೆ ರೋಪು ಸಡಿಲ, ಹಿಡಿಯಬೇಕಾದ ಹೊತ್ತಿಗೆ ಸೇಫ್ಟಿ ಗೇರ್ ಹಿಡಿಯುತ್ತೆ ಅನ್ನೋ ಭರವಸೆ ಇಲ್ಲ.

ಮಹಡಿ ಮಟ್ಟ: ಖಾಲಿ ಇದ್ದಾಗ, ತುಂಬಿದ್ದಾಗ ಎರಡೂ ಸಲ ಹೊಸ್ತಿಲಲ್ಲಿ ಸ್ಕೇಲ್ ಇಟ್ಟು ನೋಡಿ. 10 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಬರೆದುಕೊಳ್ಳಿ. ವಯಸ್ಸಾದವರು ಎಡವೋದು ಅಲ್ಲೇ.

ಎ-606: ಎಆರ್‌ಡಿ ಮರೆತ್ರಿ ಸರ್. ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯೋದು ಅದು. ನಮ್ಮಲ್ಲಿ ಬೆಸ್ಕಾಂ ಕರೆಂಟ್ ಹೋದ ಕೆಲವೇ ಸೆಕೆಂಡಲ್ಲಿ ಜನರೇಟರ್ ಬಂದುಬಿಡತ್ತೆ, ಹಾಗಾಗಿ ಎಆರ್‌ಡಿಗೆ ಕೆಲಸವೇ ಬೀಳಲ್ಲ. ಬ್ಯಾಟರಿ ಊದಿಕೊಂಡು ಸತ್ತಿದ್ರೂ ಯಾರಿಗೂ ಗೊತ್ತಾಗಲ್ಲ. ಜನರೇಟರ್ ಕೈಕೊಟ್ಟ ದಿನವೇ ಗೊತ್ತಾಗೋದು, ಒಳಗೆ ಯಾರಾದ್ರೂ ಇದ್ದಾಗ. ಖಾಲಿ ಲಿಫ್ಟನ್ನ ಎರಡು ಮಹಡಿ ಮಧ್ಯೆ ಇರುವಾಗ ಮೆಷಿನ್ ರೂಮಲ್ಲಿ ಲಿಫ್ಟಿನ ಮೇನ್ ಆಫ್ ಮಾಡಿಸಿ, ಮಹಡಿಗೆ ಬಂದು ಬಾಗಿಲು ತೆಗೀತಾ ನೋಡಿ. ಬ್ಯಾಟರಿ ಹಾಕಿದ ತಾರೀಕನ್ನ ಅದರ ಮೇಲೇ ಮಾರ್ಕರಲ್ಲಿ ಬರೆಸಿ. ಎರಡು-ಮೂರು ವರ್ಷಕ್ಕೆ ಬದಲಿಸೋ ವಸ್ತು ಅದು.

ಇನ್ನು ಬಾಗಿಲು. ನಮ್ಮ ಕಂಪ್ಲೇಂಟ್ ಪುಸ್ತಕ ತಿರುವಿ ಹಾಕಿ, ಬಹುಪಾಲು ಬಾಗಿಲಿಂದೇ. ಎ ಬ್ಲಾಕ್ ನೆಲಮಹಡಿ ಹೊಸ್ತಿಲ ಗ್ರೂವಲ್ಲಿ (ಬಾಗಿಲು ಸರಿಯೋ ಸಂದಿ) ಇವತ್ತು ಏನಿದೆ ಅಂತ ಬಗ್ಗಿ ನೋಡಿ: ರಂಗೋಲಿ ಪುಡಿ, ಸೇವಂತಿಗೆ ಎಸಳು, ತೆಂಗಿನ ನಾರು, ಟೈಲ್ಸ್ ಕೆಲಸದ ಸಿಮೆಂಟು, ಎಲ್ಲಾ ನೆಲ ಒರೆಸೋ ನೀರಲ್ಲಿ ಕಲಸಿ ಗಟ್ಟಿಯಾಗಿದೆ. ಬಾಗಿಲ ಕೆಳಗಿನ ಶೂ ಅದರಲ್ಲಿ ಸಿಕ್ಕಿಹಾಕಿಕೊಳ್ಳತ್ತೆ, ಪೂರ್ತಿ ಮುಚ್ಚಲ್ಲ, ಇಂಟರ್‌ಲಾಕ್ (ಬಾಗಿಲು ಮುಚ್ಚದೆ ಲಿಫ್ಟ್ ಹೊರಡದಂತೆ ತಡೆಯೋ ಬೀಗ) ಕೂರಲ್ಲ, ಲಿಫ್ಟ್ ಹೊರಡಲ್ಲ. ಗುಡಿಸೋ ಅಮ್ಮಂದಿರಿಗೆ ಹೇಳಿಕೊಡಬೇಕು: ಕಸವನ್ನ ಲಿಫ್ಟ್ ಸಂದಿಗೆ ತಳ್ಳಬಾರದು, ಗ್ರೂವ್‌ಗೆ ಒಣ ಬ್ರಷ್ ಮಾತ್ರ, ನೀರು ಬೇಡ, ಎಣ್ಣೆಯಂತೂ ಬೇಡವೇ ಬೇಡ (ಎಣ್ಣೆಗೆ ಧೂಳು ಇನ್ನೂ ಅಂಟತ್ತೆ). ಇಂಟೀರಿಯರ್ ಕೆಲಸದವರು ಬಾಗಿಲಿಗೆ ಇಟ್ಟಿಗೆ ಅಡ್ಡ ಇಡೋದನ್ನ ಸೆಕ್ಯೂರಿಟಿ ತಡೀಬೇಕು. ಇದನ್ನೆಲ್ಲ ನಾವು ಮಾಡದಿದ್ರೆ ಕಂಪನಿ "ಮಿಸ್‌ಯೂಸ್" ಅಂತ ಬರೆದು ಬಿಲ್ ಹಾಕತ್ತೆ, ವಾದ ಮಾಡೋಕೂ ಆಗಲ್ಲ.

ಡಿ-501: ಬಿ ಬ್ಲಾಕ್ ಪಿಟ್ಟಿಗೆ ಮಳೆಗಾಲದಲ್ಲಿ ನೀರು ಬರತ್ತಲ್ಲ, ಅದು ಯಾರ ಲೆಕ್ಕ?

ಬಿ-304: ನಮ್ಮದೇ. ಪಿಟ್ ವಾಟರ್‌ಪ್ರೂಫಿಂಗ್ ಕಟ್ಟಡದ ಕೆಲಸ, ಯಾವ ಎಎಂಸಿಯೂ ಒಳಗೊಳ್ಳಲ್ಲ. ನೀರು ನಿಂತ ಪಿಟ್ಟಲ್ಲಿ ಬಫರ್ (ತಳದಲ್ಲಿ ಹೊಡೆತ ತಡೆಯೋ ಭಾಗ), ಸ್ವಿಚ್, ಟೆನ್ಷನ್ ಪುಲಿ ತುಕ್ಕು ಹಿಡಿದ್ರೆ "ನೀರಿನಿಂದ ಹಾನಿ" ಅಂತ ಅದೂ ನಮ್ಮ ಖರ್ಚಿಗೇ ಬರತ್ತೆ. ಮಳೆ ಶುರುವಾಗೋ ಮುಂಚೆ ಮಾಡಿಸಿದ್ರೆ ಒಳ್ಳೇದು. ಒಂದು ಎಚ್ಚರಿಕೆ: ನೀರು ತೆಗೆಯೋಕೆ ನಮ್ಮ ಪ್ಲಂಬರ್‌ನ ಒಬ್ಬನ್ನೇ ಇಳಿಸಬೇಡಿ. ಲಿಫ್ಟ್ ಟೆಕ್ನೀಷಿಯನ್ ಇದ್ದು, ಮೇನ್ ಆಫ್ ಆಗಿ, ಪಿಟ್ ಸ್ಟಾಪ್ ಸ್ವಿಚ್ ಒತ್ತಿದ ಮೇಲೇ ಇಳೀಬೇಕು.

ಖಜಾಂಚಿ (ಸಿ-208): ಪತ್ರದಲ್ಲಿ "ತೆರಿಗೆ ಪ್ರತ್ಯೇಕ" ಅಂತಿದೆ. ಜಿಎಸ್‌ಟಿ ಶೇ 18. ಲಿಫ್ಟ್ ಒಂದಕ್ಕೆ ವರ್ಷಕ್ಕೆ 60,000 ಅಂತ ಇಟ್ಕೊಂಡ್ರೆ ಕೈಯಿಂದ ಹೋಗೋದು 70,800. ಎಲ್ಲಾ ಕೊಟೇಷನ್ನೂ ತೆರಿಗೆ ಸೇರಿಸಿ ಹೋಲಿಸಿ. ವರ್ಷದ ದುಡ್ಡು ಮುಂಗಡ ಕೇಳಿದ್ದಾರೆ, ನಾನು ಒಪ್ಪಲ್ಲ. ಮೂರು ತಿಂಗಳಿಗೊಮ್ಮೆ, ಸರ್ವೀಸ್ ಶೀಟಿಗೆ ಬ್ಲಾಕ್ ಪ್ರತಿನಿಧಿ ಸಹಿ ಬಿದ್ದ ಮೇಲೆ. ಮುಂಗಡ ಕೊಟ್ಟರೆ ಕಡಿತ ಮಾಡೋಕೆ ನಮ್ಮ ಹತ್ರ ಏನೂ ಉಳಿಯಲ್ಲ.

ಸಿ-703: ಸರಿ, ಹಳಬರೇ ಇರಲಿ. ಆದ್ರೆ ಮುಂದೆ ಬಿಡಬೇಕು ಅಂದ್ರೆ? ಕಂಟ್ರೋಲರ್‌ಗೆ ಅವರದೇ ಪಾಸ್‌ವರ್ಡ್ ಇರತ್ತೆ. ಬೇರೆಯವರು ಬಂದು ಪ್ಯಾರಾಮೀಟರ್ (ಅದರ ಸೆಟ್ಟಿಂಗ್) ಮುಟ್ಟೋಕೂ ಆಗಲ್ಲ.

ಬಿ-304: ಅದನ್ನ ಷರತ್ತಾಗಿ ಬರೆಸೋದು ಈಗಲೇ, ಬಿಡುವಾಗ ಕೇಳಿದ್ರೆ ಕೊಡಲ್ಲ. ಒಪ್ಪಂದ ಮುಗಿದ ದಿನ ಪಾಸ್‌ವರ್ಡ್, ವೈರಿಂಗ್ ಡ್ರಾಯಿಂಗ್, ಪ್ಯಾರಾಮೀಟರ್ ಪಟ್ಟಿ, ಬಾಗಿಲು ಹೊರಗಿಂದ ತೆಗೆಯೋ ಮೂರು ಮೂಲೆಯ ಕೀಲಿ, ಲಾಗ್ ಬುಕ್ ನಮ್ಮ ಕೈಗೆ ಬರಬೇಕು. ಜೊತೆಗೆ: ಒಳಗೆ ಜನ ಸಿಕ್ಕಿಕೊಂಡ್ರೆ 30 ನಿಮಿಷದಲ್ಲಿ ಬರಬೇಕು. ಲಿಫ್ಟ್ 48 ಗಂಟೆ ಮೀರಿ ನಿಂತ್ರೆ ಆ ದಿನಗಳ ದರ ಕಡಿತ. ಎರಡೂ ಕಡೆಗೆ 60 ದಿನದ ನೋಟಿಸ್. ಹೊರತುಪಡಿಸಿದ ಪಾರ್ಟುಗಳ ಪಟ್ಟಿಯ ಕೊನೆಗೆ "ಇತ್ಯಾದಿ" ಅಂತಿದೆ, ಅದನ್ನ ಹೊಡೆದುಹಾಕಿಸಿ. ರೋಪ್, ಡ್ರೈವ್, ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್), ಟ್ರಾವೆಲಿಂಗ್ ಕೇಬಲ್ (ಲಿಫ್ಟ್ ಜೊತೆ ಓಡಾಡೋ ವೈರು) ಒಪ್ಪಂದದ ಒಳಗೆ ಬರತ್ತೆ ಅಂತ ಹೆಸರು ಹಿಡಿದು ಬರೆಸಿ. ಹಳೇ ಪಿಸಿಬಿ ತಯಾರಿಕೆ ನಿಂತಿದ್ರೆ ಏನು ಅನ್ನೋದೂ ಬರಹದಲ್ಲಿರಲಿ.

ಎ-606: ಒಂದು ಮೂಲ ಪ್ರಶ್ನೆ. ಹಳೇ ಒಪ್ಪಂದ ಪ್ರಾಧಿಕಾರಕ್ಕೂ ಕಂಪನಿಗೂ ಆದದ್ದು. ನಾವು ಅದರಲ್ಲಿ ಕಕ್ಷಿಯೇ ಅಲ್ಲದಿದ್ರೆ ವಿಸ್ತರಿಸೋದು ಹೇಗೆ?

ಕಾರ್ಯದರ್ಶಿ (ಎ-102): ಒಳ್ಳೇ ಪ್ರಶ್ನೆ. ಕಡತ ತೆಗೆದು ನೋಡಿದೆ. ವರ್ಗಾವಣೆ ಪತ್ರ ಇದೆ, ಆದರೆ ಅದರಲ್ಲಿ ಕಂಪನಿಯ ಸಹಿ ಇಲ್ಲ. ಹಾಗಾಗಿ "ವಿಸ್ತರಣೆ" ಪತ್ರಕ್ಕೆ ಸಹಿ ಹಾಕುವುದಿಲ್ಲ, ಸಂಘದ ಹೆಸರಲ್ಲಿ ಹೊಸ ಒಪ್ಪಂದ ಕೇಳೋಣ. ವರ್ಗಾವಣೆ ಪತ್ರಕ್ಕೆ ಅವರ ಸಹಿಯನ್ನು ತಪಾಸಣೆಗೆ ಮುಂಚೆ ಹಾಕಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಬಾಕಿ ಪಾರ್ಟಿನ ಹೊಣೆ ನಮಗೆ ಸಂಬಂಧ ಇಲ್ಲ ಎಂದಾರು. ಕರ್ನಾಟಕದ ಲಿಫ್ಟ್ ಕಾಯ್ದೆ 2012ರ ಪ್ರಕಾರ ವಿದ್ಯುತ್ ಪರಿವೀಕ್ಷಣಾಲಯ ಕೊಟ್ಟ ಪರವಾನಗಿಗಳಲ್ಲೂ ಮಾಲೀಕರ ಹೆಸರು ಯಾವುದಿದೆ ಎಂದು ಬ್ಲಾಕ್‌ವಾರು ನೋಡಬೇಕು.

ಸಭೆಗೆ ಠರಾವು ಹೀಗೆ ಇಡುತ್ತೇನೆ: ಹಳೇ ದರಕ್ಕೆ ಮೂರು ತಿಂಗಳ ಮಧ್ಯಂತರ ಒಪ್ಪಂದ, ಆ ಅವಧಿಯಲ್ಲಿ ತಪಾಸಣೆ ಪಟ್ಟಿಯ ಪಾರ್ಟುಗಳ ಬದಲಾವಣೆ, ಜೊತೆಗೆ ಒಂದೇ ನಮೂನೆಯಲ್ಲಿ ಮೂರು ಕೊಟೇಷನ್.

ಖಜಾಂಚಿ (ಸಿ-208): ತಪಾಸಣೆ ಮಾತ್ರ ಈಗಿನ ಅವಧಿ ಮುಗಿಯೋದರೊಳಗೇ ಆಗಬೇಕು ಸರ್. ಪಟ್ಟಿಯ ತಾರೀಕು ಅದರ ಒಳಗಿರಲಿ.

ಕಾರ್ಯದರ್ಶಿ (ಎ-102): ಹೌದು ಮೇಡಂ. ಮುಂದಿನ ಗುರುವಾರ ಎ, ಬಿ. ಶುಕ್ರವಾರ ಸಿ, ಡಿ. ಒಂದು ಬ್ಲಾಕಿನ ಎರಡೂ ಲಿಫ್ಟ್ ಒಟ್ಟಿಗೆ ನಿಲ್ಲಿಸುವುದಿಲ್ಲ.

ಸಿ-703: ವರ್ನಿಯರ್ ನಾನು ತರ್ತೀನಿ. ಆದ್ರೆ ಸಿ-402ರವರು ಶುಕ್ರವಾರ ಮನೆ ಖಾಲಿ ಮಾಡ್ತಿದ್ದಾರೆ, ಸಾಮಾನು ಇಳಿಸೋಕೆ ಇಡೀ ದಿನ ಲಿಫ್ಟ್ ಬೇಕಾಗತ್ತೆ. ಬಿ ಜೊತೆ ಸಿ ಅದಲುಬದಲು ಮಾಡಿ.

ಕಾರ್ಯದರ್ಶಿ (ಎ-102): ಸರಿ. ಗುರುವಾರ ಎ, ಸಿ. ಶುಕ್ರವಾರ ಬಿ, ಡಿ.